ಹಿತ್ತಲ ಬೆಂಚಿನ ದೂರುಗಳು

ಭಾನುವಾರ ಮಧ್ಯಾಹ್ನ
(ಕ್ಲಿನಿಕ್ಕಿಗೆ ರಜೆ, ನನ್ನ ನಾಲಿಗೆಗೆ ಇಲ್ಲ)

ನನ್ನ ಪುಟ್ಟಿಗೆ, ಅಮ್ಮನಿಂದ ಕೈತುಂಬ ಪ್ರೀತಿ.

ಫೋನಿನಲ್ಲಿ ಹೇಳಿದರೆ ಮುಗಿಯುವ ಮಾತಿಗೆ ಈ ಅಮ್ಮ ಕಾಗದ ಯಾಕೆ ಬರೆದಳು ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ಫೋನಿನಲ್ಲಿ ನಿನ್ನ ಹತ್ತಿರ ಒಂದು ವಾಕ್ಯ ಪೂರ್ತಿ ಮಾಡುವುದು ನನ್ನಿಂದಾಗುವ ಕೆಲಸವಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಮಾತ್ರೆ ತಗೊಂಡ್ಯಾ, ಮಂಡಿಗೆ ಎಣ್ಣೆ ಹಚ್ಕೊಂಡ್ಯಾ ಎಂದು ಶುರು ಮಾಡುತ್ತೀಯ. ಶಾಲೆಯ ಮಕ್ಕಳು ನಿನ್ನನ್ನು ಹೇಗೆ ಸಹಿಸುತ್ತಾರೋ ದೇವರೇ ಬಲ್ಲ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ಮಾತ್ರೆ ತೆಗೆದುಕೊಂಡಿದ್ದೇನೆ, ಎಣ್ಣೆ ಹಚ್ಚಿಕೊಂಡಿದ್ದೇನೆ. ಇನ್ನು ಓದು.

ಸುತ್ತಿ ಬಳಸಿ ಹೇಳುವುದು ಬೇಡ. ನಿಮ್ಮಪ್ಪನ ಪ್ರಾಣಿಗಳ ಕ್ಲಿನಿಕ್ ಮುಚ್ಚುವುದಿಲ್ಲ ಪುಟ್ಟಿ. ಈ ತಿಂಗಳ ಕೊನೆಗೆ ಬಾಗಿಲು ಹಾಕಿ ನಿನ್ನ ಮನೆಗೆ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟವಳು ನಾನೇ, ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರುವವಳೂ ನಾನೇ. ನೀನು ಗೊತ್ತು ಮಾಡಿದ್ದ ಕನ್ನಡಕದ ಅಂಗಡಿಯವರು ಜಾಗ ನೋಡಲು ಬಂದಿದ್ದರು. ಪಾಪ, ಒಳ್ಳೆಯವರು. ಚಹಾ ಕೊಟ್ಟು, ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದೆ.

ಕೋಪ ಬಂತಾ? ಬರಲಿ. ನಿನ್ನ ಕೋಪ ನಿಮ್ಮಪ್ಪನದೇ, ಹಾಲಿನ ಹಾಗೆ ಉಕ್ಕಿ ಹಾಗೇ ಇಳಿಯುತ್ತದೆ. ಇಳಿದ ಮೇಲೆ ಮುಂದಿನದನ್ನು ಓದು.

ಮುಚ್ಚೋಣ ಎಂದು ನಾನು ಯಾಕೆ ಒಪ್ಪಿದ್ದೆ ಎನ್ನುವುದನ್ನು ನಿನಗೆ ಸರಿಯಾಗಿ ಹೇಳಿಯೇ ಇರಲಿಲ್ಲ. ಮಂಡಿ ನೋವು ಎಂದೆ, ಬೆಕ್ಕು ಬಂದರೆ ಸೀನು ಬರುತ್ತದೆ ಎಂದೆ. ಮಂಡಿ ನೋವು ಮೊದಲೂ ಇತ್ತು, ಸೀನಂತೂ ಮದುವೆಯಾದ ದಿನದಿಂದ ಇದೆ. ನಿಜವಾದ ಕಾರಣ ಬೇರೆ. ನಿಮ್ಮಪ್ಪ ಹೋದ ಮೇಲೆ ಬಂದವರೆಲ್ಲ ಕೌಂಟರಿನ ಮುಂದೆ ನಿಂತು ಅವರನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ದೇವರಂಥ ಮನುಷ್ಯ, ಸಿಟ್ಟು ಅನ್ನೋದೇ ಗೊತ್ತಿರಲಿಲ್ಲ, ತಮಗೆ ಅಂತ ಏನೂ ಬಯಸಲಿಲ್ಲ. ನಾನು ಕೈ ಮುಗಿದು ತಲೆಯಾಡಿಸುತ್ತಿದ್ದೆ. ಒಳಗೊಳಗೇ, ಇವರೆಲ್ಲ ಯಾರ ಗಂಡನ ಮಾತಾಡುತ್ತಿದ್ದಾರೆ ಎಂದು ದಿಗಿಲಾಗುತ್ತಿತ್ತು. ಸಿಟ್ಟು ಗೊತ್ತಿಲ್ಲದವರಂತೆ! ಸ್ಟೆತಾಸ್ಕೋಪ್ ಕಾಣದಿದ್ದರೆ ಇಡೀ ಬೀದಿಗೆ ಕೇಳುವಂತೆ ಕೂಗಾಡಿ, ಅದು ಅವರ ಕೊರಳಲ್ಲೇ ಇದ್ದದ್ದು ಕಂಡು, ಹೇಳೋಕೆ ಏನು ರೋಗ ನಿಂಗೆ ಎಂದು ನನ್ನನ್ನೇ ಗದರಿದ ಮನುಷ್ಯ. ಎಲ್ಲರೂ ಹೊಗಳಿ ಹೊಗಳಿ ನನ್ನ ಗಂಡನನ್ನು ನನಗೇ ಗುರುತು ಸಿಗದ ಹಾಗೆ ಮಾಡಿಬಿಟ್ಟರು. ಆ ದೇವರಂಥವರ ಕ್ಲಿನಿಕ್ಕಿನಲ್ಲಿ ನನಗೇನು ಕೆಲಸ ಅನ್ನಿಸಿತು. ಅದಕ್ಕೇ ಹೂಂ ಅಂದೆ. ಒಂದು ಹನಿ ಕಣ್ಣೀರೂ ಬಂದಿರಲಿಲ್ಲ, ಅದೂ ನಿನಗೆ ಹೇಳಿರಲಿಲ್ಲ.

ಇದ್ದ ರೋಗಿಗಳನ್ನು ನೋಡಿ ಮುಗಿಸಲು ಎಂದು ನೀನು ಒಬ್ಬ ಡಾಕ್ಟರನ್ನು ಹುಡುಕಿ ಕಳಿಸಿದೆಯಲ್ಲ, ಸ್ವಲ್ಪ ದಿನದ ಮಟ್ಟಿಗೆ. ಆ ಹುಡುಗಿಯ ಬಗ್ಗೆ ನೀನು ಕೇಳಿದಾಗಲೆಲ್ಲ, ಪರವಾಗಿಲ್ಲ ಎಂದಷ್ಟೇ ಹೇಳಿದ್ದೆ. ಪರವಾಗಿಲ್ಲ ಅನ್ನುವುದು ಸುಳ್ಳು. ಮೊದಮೊದಲು ನನಗೆ ಅವಳನ್ನು ಕಂಡರೆ ಮೈ ಉರಿಯುತ್ತಿತ್ತು. ನೋಡಿದರೆ ಕಾಲೇಜಿಗೆ ಹೋಗುವ ಮಗು. ಮಾತು ಕಡಿಮೆ, ಎತ್ತರ ಅದಕ್ಕಿಂತ ಕಡಿಮೆ. ನಿಮ್ಮಪ್ಪನ ಸ್ಟೀಲ್ ಮೇಜು ನೆನಪಿದೆಯಲ್ಲ? ವಿದ್ಯುತ್ ಕಂಬದಂಥ ಆಳು, ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ ಎಂದು ಮೇಜಿನ ನಾಲ್ಕೂ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದ್ದರು. ಆ ಮೇಜು ಇವಳಿಗೆ ಎದೆಯವರೆಗೆ ಬರುತ್ತಿತ್ತು. ಮರದ ತುಂಡು ತೆಗೆಸಬಹುದಾ ಎಂದು ಬಂದ ದಿನವೇ ಕೇಳಿದಳು. ಆ ಮೇಜಿಗೆ ಯಾರೂ ಕೈ ಹಚ್ಚುವ ಹಾಗಿಲ್ಲ ಎಂದೆ. ಸರಿ ಅಮ್ಮ ಎಂದು ಒಳಗಿನಿಂದ ಒಂದು ಸ್ಟೂಲು ತಂದು ಅದರ ಮೇಲೆ ನಿಂತು ಕೆಲಸ ಮಾಡಿದಳು. ಒಂದು ದಿನ ಭಾರೀ ನಾಯಿಯೊಂದರ ಉಗುರು ಕತ್ತರಿಸುವಾಗ ಜಾರಿ ನೆಲಕ್ಕೆ ಕೂತಳು. ನಾಯಿ ಇಣುಕಿ ನೋಡಿತು. ಎದ್ದು ಮತ್ತೆ ಹತ್ತಿದಳು. ನಾನು ಕಲ್ಲಿನ ಹಾಗೆ ನಿಂತಿದ್ದೆ.

ಆಮೇಲೆ ಫೋನಿನಲ್ಲಿ ಸಮಯ ಕೊಡುವ ಪದ್ಧತಿ ತಂದಳು. ನಮ್ಮಲ್ಲಿ ಮೊದಲಿನಿಂದ ಬಂದದ್ದೇ ಬೇರೆಯಲ್ಲವಾ, ಯಾರು ಹೆಚ್ಚು ಹೆದರಿದ್ದಾರೋ ಅವರು ಮೊದಲು ಒಳಗೆ. ಯಾರು ಹೆಚ್ಚು ಹೆದರಿದ್ದಾರೆ ಎಂದು ನೋಡುವುದು ಕೌಂಟರಿನಲ್ಲಿ ನನ್ನ ಕೆಲಸ. ಎಷ್ಟೋ ಸಲ ಪ್ರಾಣಿ ಆರಾಮಾಗಿ ಆಕಳಿಸುತ್ತಿರುತ್ತದೆ, ತಂದವರು ಬೆವರುತ್ತಿರುತ್ತಾರೆ. ಹಾಗಿರುವಾಗ ಗಡಿಯಾರ ನೋಡಿ ಒಳಗೆ ಬಿಡುವುದೇನು ಎಂದು ಜಗಳಕ್ಕೆ ನಿಂತೆ. ಅವಳು ಮುಂದಿನ ಫೋನ್ ಎತ್ತಿ ಸಮಯ ಕೊಟ್ಟಳು. ಈಗ ಹೇಳುತ್ತೇನೆ, ಅವಳೇ ಸರಿ. ಹೆದರಿದ ಬೆಕ್ಕುಗಳು ತಮ್ಮ ಮನೆಯ ಮಂಚದ ಕೆಳಗೇ ಕೂತು ತಮ್ಮ ಸರದಿ ಕಾಯುತ್ತವೆ, ನಾಯಿಯ ಮೂತಿ ನೋಡುವ ಗೋಜಿಲ್ಲ. ಕೌಂಟರಿನ ಮುಂದಿನ ಗಲಾಟೆ ಅರ್ಧ ಇಳಿದಿದೆ. ನನ್ನ ಸೀನೂ ಅರ್ಧ ಇಳಿದಿದೆ. ಇದನ್ನು ಅವಳ ಮುಂದೆ ಇನ್ನೂ ಒಪ್ಪಿಕೊಂಡಿಲ್ಲ, ನೀನೂ ಬಾಯಿ ಬಿಡಬೇಡ.

ಇಷ್ಟರಲ್ಲಿ ಮ್ಯಾನೇಜರ್ ಊಟ ಬಿಟ್ಟ. ಮ್ಯಾನೇಜರ್ ಅಂದರೆ ನಿಮ್ಮಪ್ಪ ಮೋರಿಯಿಂದ ಎತ್ತಿ ತಂದು, ಯಾರ ಮಾತೂ ಕೇಳುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ ಎಂಬ ಅರ್ಹತೆಯ ಮೇಲೆ ಆ ಹೆಸರಿಟ್ಟ ಬೂದು ಬೆಕ್ಕು. ಅಪ್ಪ ಹೋದಾಗಿನಿಂದ ಅದು ಆ ಸ್ಟೀಲ್ ಮೇಜು ಬಿಟ್ಟು ಇಳಿಯುತ್ತಿರಲಿಲ್ಲ. ಹುಡುಗಿ ದಿನಾ ಸಂಜೆ ಡ್ರಿಪ್ ಹಾಕಿ ಪಕ್ಕದಲ್ಲೇ ಕೂರುತ್ತಿದ್ದಳು. ಕಡೆಗೆ ಒಂದು ದಿನ ನನ್ನನ್ನು ಒಳಗೆ ಕರೆದು, ಕಿಡ್ನಿ ಎರಡೂ ಹೋಗಿವೆ ಅಮ್ಮ, ಇನ್ನು ನಾವು ಮಾಡೋದೆಲ್ಲ ನಮ್ಮ ಸಮಾಧಾನಕ್ಕೆ, ಅದಕ್ಕೆ ನೋವು ಅಷ್ಟೇ, ಎಂದಳು. ತಲೆ ತಗ್ಗಿಸಿ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದಳು. ನಿಮ್ಮಪ್ಪನೂ ಹಾಗೇ ಹೇಳುತ್ತಿದ್ದರು.

ಕೊನೆಯ ಚುಚ್ಚುಮದ್ದು ಕೊಡುವಾಗ ನಾನೇ ಹಿಡಿದುಕೊಳ್ಳುತ್ತೇನೆ ಎಂದೆ. ಒಂದು ಕೈಯಲ್ಲಿ ಬೆಕ್ಕು, ಒಂದು ಕೈಯಲ್ಲಿ ಕರವಸ್ತ್ರ, ಮೇಲಿಂದ ಮೇಲೆ ಸೀನು. ಅವಳು ಸ್ಟೂಲು ಹತ್ತಿ, ಕೈ ಅಲುಗಬಾರದು ಎಂದು ತುದಿಗಾಲಲ್ಲಿ ನಿಂತಳು. ಅವಳ ಕಾಲು ನಡುಗುತ್ತಿದ್ದದ್ದು ಆಗ ಕಂಡಿತು ಪುಟ್ಟಿ. ಇಷ್ಟು ದಿನವೂ ನಡುಗಿರಬೇಕು, ನಾನು ಅವಳ ಕಾಲಿನ ಕಡೆ ನೋಡಿದ್ದು ಅದೇ ಮೊದಲು. ಇಳಿಯಮ್ಮ ಕೆಳಗೆ ಎಂದೆ. ಬೆಕ್ಕನ್ನು ಎತ್ತಿಕೊಂಡು ನೆಲದ ಮೇಲೆ ಕಾಲು ಚಾಚಿ ಕೂತೆ. ಅವಳು ಎದುರಿಗೆ ಮಂಡಿಯೂರಿದಳು. ಮ್ಯಾನೇಜರ್ ನನ್ನ ಮಡಿಲಲ್ಲಿ ಹೋದ. ನನ್ನನ್ನು ಕಂಡರೆ ಬಾಲ ತಿರುವಿಕೊಂಡು ಹೋಗುತ್ತಿದ್ದವನು, ಕೊನೆಗೆ ಅಲ್ಲೇ ಮುಖ ಇಟ್ಟ.

ಅಷ್ಟಾದ ಮೇಲೆ ಹಿತ್ತಲಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಆ ಬೆಂಚಿನ ಕೆಳಗೆ ಆಡಿಕೊಂಡು ಬೆಳೆದವಳು ನೀನು, ಅಲ್ಲಿನ ನಿಯಮ ನಿನಗೆ ಗೊತ್ತು. ಹುಡುಗಿಗೆ ಗೊತ್ತಿರಲಿಲ್ಲ, ನಾನು ಬೇಕೆಂದೇ ಹೇಳಿರಲಿಲ್ಲ. ಪಕ್ಕದಲ್ಲಿ ಬಂದು ಕೂತಳು. ಆಗ ಹೇಳಿದೆ. ಇಲ್ಲಿ ಯಾರ ಪ್ರಾಣಿ ಹೋದರೂ ಡಾಕ್ಟರು ಅವರನ್ನು ಇಲ್ಲಿ ಕೂರಿಸಿ, ಅದರ ಮೇಲೆ ಒಂದು ದೂರು ಹೇಳಿ, ಆಮೇಲೆ ಮನೆಗೆ ಹೋಗಿ ಎನ್ನುತ್ತಿದ್ದರು. ಹೊಗಳುವ ಹಾಗಿಲ್ಲ, ದೂರೇ ಆಗಬೇಕು. ದರ್ಜಿ ಬಂದು, ಗಿರಾಕಿಯ ಹೊಸ ಕೋಟಿನ ಮೇಲೇ ಮಲಗೋನು ಸಾರ್ ಎಂದು ಅತ್ತಿದ್ದ. ಬಸ್ ಡ್ರೈವರು, ನನ್ನ ಹೆಂಡ್ತಿ ಮಾತು ಕೇಳೋದು, ನನ್ನ ಮಾತಿಗೆ ಕಿವೀನೇ ಆಡಿಸ್ತಿರ್ಲಿಲ್ಲ ಎಂದು ಬೈಯುತ್ತಾ ಬೈಯುತ್ತಾ ನಗಲು ಶುರು ಮಾಡಿದ್ದ. ಹೊಗಳಿದರೆ ಅದು ಯಾವುದೋ ಒಳ್ಳೆಯ ನಾಯಿ ಆಗಿಬಿಡುತ್ತೆ, ದೂರು ಹೇಳಿದರೆ ನಮ್ಮ ನಾಯಿಯಾಗೇ ಉಳಿಯುತ್ತೆ ಎನ್ನುವುದು ನಿಮ್ಮಪ್ಪನ ವಾದ.

ಸರಿ, ನಾನೂ ದೂರು ಶುರು ಮಾಡಿದೆ. ನನ್ನ ಚಹಾದ ಲೋಟಕ್ಕೆ ಮೂತಿ ಹಾಕುತ್ತಿತ್ತು ಎಂದೆ. ಒಗೆದ ಬಟ್ಟೆಯ ಮೇಲೇ ಹೋಗಿ ಕೂರುತ್ತಿತ್ತು ಎಂದೆ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದವರಲ್ಲ ಎಂದೆ. ಎಲ್ಲಿಗೆ ಹೋಗುತ್ತೇನೆ ಎಂದು ಒಂದು ದಿನವೂ ಹೇಳಿ ಹೋದವರಲ್ಲ. ಹೊಲಿಗೆ ಹಾಕುವಾಗ ರಾಗವಿಲ್ಲದೆ ಹಾಡಿ ತಲೆ ತಿನ್ನುತ್ತಿದ್ದರು. ಕಾಲುಚೀಲ ತೂತಾದರೂ ಎಸೆಯಲು ಬಿಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಸಿನಿಮಾಗೆ ಕರೆದುಕೊಂಡು ಹೋಗಿ, ಯಾರದೋ ಹಸು ಕರು ಹಾಕುತ್ತಿದೆ ಎಂದು ಅರ್ಧಕ್ಕೇ ಎದ್ದು ಓಡಿದರು, ಪಕ್ಕದ ಖಾಲಿ ಕುರ್ಚಿಗೆ ನನ್ನ ಕೈಚೀಲ ಕೂರಿಸಿಕೊಂಡು ಪೂರ್ತಿ ಸಿನಿಮಾ ನೋಡಿ ಬಂದೆ. ಎದೆ ನೋಯುತ್ತಿದೆ ಎಂದು ಬಸ್ ಡ್ರೈವರಿಗೆ ಹೇಳಿದರಂತೆ, ತರಕಾರಿಯವನಿಗೆ ಹೇಳಿದರಂತೆ, ನನಗೊಬ್ಬಳಿಗೆ ಹೇಳಲಿಲ್ಲ. ಹೆದರಿದವರು ಯಾರು ಎಂದು ಕೌಂಟರಿನಲ್ಲಿ ಕೂತು ಊರಿಗೆಲ್ಲ ನೋಡಿ ಹೇಳುತ್ತಿದ್ದೆ, ಮನೆಯಲ್ಲಿ ಎದುರಿಗೆ ಕೂತವರು ಹೆದರಿದ್ದು ನನಗೆ ಕಾಣದ ಹಾಗೆ ಮುಚ್ಚಿಟ್ಟುಬಿಟ್ಟರು.

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಹುಡುಗಿ ಬಹಳ ಮೆಲ್ಲಗೆ ಕೇಳಿದಳು, "ಮ್ಯಾನೇಜರ್ ಸಿನಿಮಾಗೂ ಬರ್ತಿದ್ನಾ ಅಮ್ಮ?"

ನಗು ಬಂತು ಪುಟ್ಟಿ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ಅವರು ಹೋದ ದಿನ ಅಳಬೇಕಾಗಿದ್ದದ್ದು, ಆಮೇಲಿನ ತಿಂಗಳುಗಳದ್ದು, ಎಲ್ಲವನ್ನೂ ಅತ್ತೆ. ಅವಳು ಪಕ್ಕ ಬಿಟ್ಟು ಏಳಲಿಲ್ಲ. ಅತ್ತು ಮುಗಿದಾಗ ನನ್ನ ಗಂಡ ನನಗೆ ಸಿಕ್ಕಿದ್ದರು. ದೇವರಂಥವರಲ್ಲ, ತೂತು ಕಾಲುಚೀಲದವರು.

ಮಾರನೆಯ ದಿನ ಬಡಗಿಯನ್ನು ಕರೆಸಿ ಮರದ ತುಂಡುಗಳನ್ನು ತೆಗೆಸಿದೆ. ಮೇಜು ತಗ್ಗಾದ ಮೇಲೆ ಆ ಕೋಣೆಯೇ ಬೇರೆ ಕಾಣುತ್ತದೆ. ಮೊದಲ ದಿನ ಬಾಗಿಲವರೆಗೆ ಹೋಗಿ ಹಿಂದಕ್ಕೆ ಬಂದದ್ದು ಸುಳ್ಳಲ್ಲ. ಆದರೆ ಅವಳು ನೆಲದ ಮೇಲೆ ಎರಡೂ ಪಾದ ಊರಿ ನಿಂತು ಒಂದು ನಾಯಿಮರಿಗೆ ಲಸಿಕೆ ಹಾಕಿದಳು ನೋಡು, ಮರಿಗೆ ಚುಚ್ಚಿದ್ದೇ ತಿಳಿಯಲಿಲ್ಲ. ಆಗ ನನಗೆ ನಿಮ್ಮಪ್ಪನ ಮೇಲೆ, ಅವಳ ಮೇಲೆ, ಅವಳನ್ನು ಹುಡುಕಿ ಕಳಿಸಿದ ನಿನ್ನ ಮೇಲೆ ಒಟ್ಟಿಗೇ ಪ್ರೀತಿ ಉಕ್ಕಿ ಬಂತು. ಮುಚ್ಚುವುದಕ್ಕೆಂದು ನೀನು ಕಳಿಸಿದವಳು ತೆರೆದು ಕೂರಿಸಿದಳು. ನಿನಗೆ ನಾನು ಥ್ಯಾಂಕ್ಸ್ ಹೇಳಬೇಕು ಮಗಳೇ, ಬಾಯಿ ತುಂಬ ಹೇಳುತ್ತಿದ್ದೇನೆ.

ಸ್ವಲ್ಪ ದಿನಕ್ಕೆಂದು ಬಂದವಳಿಗೆ ಇಲ್ಲೇ ಇರುತ್ತೀಯಾ ಎಂದು ಕೇಳಿದೆ. ಇರುತ್ತೇನೆ ಎಂದಳು. ನೀವೂ ಕೌಂಟರಿನಲ್ಲಿದ್ದರೆ ಮಾತ್ರ ಎಂದು ಷರತ್ತು ಹಾಕಿದಳು, ಎಷ್ಟು ಕೊಬ್ಬು ನೋಡು. ಈಗ ಹಳಬರು ಬಂದು ನಿಮ್ಮಪ್ಪನನ್ನು ಹೊಗಳಲು ಶುರು ಮಾಡಿದರೆ ನಾನೇ ತಡೆದು ದೂರು ಕೇಳುತ್ತೇನೆ. ಮೊದಲು ಕಕ್ಕಾಬಿಕ್ಕಿಯಾಗುತ್ತಾರೆ, ಆಮೇಲೆ ಬಿಟ್ಟರೆ ನಿಲ್ಲಿಸುವುದಿಲ್ಲ. ನನಗೇ ಗೊತ್ತಿಲ್ಲದ ಎಷ್ಟು ಕಿತಾಪತಿಗಳು ಹೊರಬಿದ್ದಿವೆ ಎನ್ನುತ್ತೀಯ, ನೀನು ಬಂದಾಗ ಒಂದೊಂದಾಗಿ ಹೇಳುತ್ತೇನೆ.

ನಿನ್ನ ಮನೆ ಬೇಡವೆಂದಲ್ಲ ಪುಟ್ಟಿ. ನಿನ್ನ ಅಡುಗೆಮನೆಯಲ್ಲಿ ಕೂತು ನಿನ್ನ ಕೈಯಿಂದ ಬೈಸಿಕೊಳ್ಳಲು ರಜೆಗೆ ಖಂಡಿತ ಬರುತ್ತೇನೆ. ಆದರೆ ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವುದು ನನಗೆ ಬೇಕು. ವಯಸ್ಸಾದವಳು ಆ ಮನೆಯಲ್ಲಿ ಒಬ್ಬಳೇ ಹೇಗಿರ್ತೀಯ ಎನ್ನುವುದು ನಿನ್ನ ದೊಡ್ಡ ಚಿಂತೆ, ಅದಕ್ಕೂ ಉತ್ತರವಿದೆ. ಅದನ್ನು ಹೇಳಲು ಇಡೀ ಕಾಗದದುದ್ದಕ್ಕೂ ಧೈರ್ಯ ಬರಲಿಲ್ಲ. ಮೊದಲು ಸಹಿ ಹಾಕಿಬಿಡುತ್ತೇನೆ.

ಊಟ ಸರಿಯಾಗಿ ಮಾಡು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ, ನಿನ್ನ ಮಾತು ತಪ್ಪಿದ, ಆದರೂ ನಿನ್ನವಳೇ ಆದ
ಅಮ್ಮ

ಮರೆತ ಮಾತು (ಮರೆತದ್ದೇನಲ್ಲ): ಹುಡುಗಿಯನ್ನು ಅವಳ ಬಾಡಿಗೆ ಮನೆಯ ಮಾಲೀಕರು ಹೊರಗೆ ಹಾಕಿಬಿಟ್ಟರು. ಯಾರೂ ವಾಪಸ್ ಒಯ್ಯದ ಒಂದು ಮೂರು ಕಾಲಿನ ನಾಯಿಯನ್ನು ಮನೆಗೆ ಕರೆದುಕೊಂಡು ಹೋಗಿದ್ದಳಂತೆ. ಎರಡು ಪೆಟ್ಟಿಗೆ, ಒಂದು ನಾಯಿ ಹಿಡಿದುಕೊಂಡು ಕ್ಲಿನಿಕ್ಕಿನ ಮುಂದೆ ನಿಂತಿದ್ದಳು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳದೆ ನಿನ್ನ ಕೋಣೆ ಕೊಟ್ಟೆ. ನೀನು ಬೇಡವೆಂದಿದ್ದರೂ ಕೊಡುತ್ತಿದ್ದೆ, ಸುಮ್ಮನೆ ಜಗಳವಾಗುತ್ತಿತ್ತು. ನಿನ್ನ ಪುಸ್ತಕಗಳು ಇದ್ದಲ್ಲೇ ಇವೆ, ನೀನು ಬಂದಾಗ ಅವಳು ನಡುಮನೆಯಲ್ಲಿ ಮಲಗುತ್ತಾಳೆ, ತಾನೇ ಹೇಳಿದ್ದಾಳೆ. ಮೊನ್ನೆ ಸಂಜೆ ತರಕಾರಿ ತೆಗೆದುಕೊಂಡು ತಿರುವಿನಲ್ಲಿ ಬರುತ್ತಿದ್ದೆ, ನಿನ್ನ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ಹೋದಾಗಿನಿಂದ ಕತ್ತಲೆ ಮನೆಗೆ ಬಂದು, ಗೋಡೆ ತಡಕಿ ಸ್ವಿಚ್ಚು ಹಾಕುತ್ತಿದ್ದವಳು ನಾನು. ಚೀಲ ಕೆಳಗಿಟ್ಟು ರಸ್ತೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ಒಂದು ಗಳಿಗೆ ನೀನೇ ಬಂದಿದ್ದೀಯ ಅಂದುಕೊಂಡೆ. ಆಮೇಲೆ ನೀನಲ್ಲ ಎಂದು ನೆನಪಾಯಿತು, ಆದರೂ ಹೆಜ್ಜೆ ಬೇಗ ಬೇಗ ಹಾಕಿದೆ.