ಕೈ ಎತ್ತದ ದಿನಗಳು

ಆಗಸ್ಟ್ 27, ಬೆಳಿಗ್ಗೆ 7

ಆಸ್ಪತ್ರೆಯ ನೈಟ್ ಶಿಫ್ಟ್ ಮುಗಿಸಿ ನವಲಗುಂದದಿಂದ ಮೊದಲ ಬಸ್ಸಿಗೆ ತಿರ್ಲಾಪುರಕ್ಕೆ ಬಂದೆ. ದಾರಿಯುದ್ದಕ್ಕೂ ಜರ್ಮನ್. ಪರೀಕ್ಷೆ ಪಾಸಾಗಿದೆ, ಆದರೂ ಬಾಯಿಗೆ ರೂಢಿ ತಪ್ಪಬಾರದು. "ವೋ ಟೂಟ್ ಎಸ್ ವೇ?" — ಎಲ್ಲಿ ನೋಯುತ್ತಿದೆ? ರೋಗಿಯನ್ನು ಮೊದಲು ಕೇಳುವುದು ಇದನ್ನೇ. ಬಾಜು ಕೂತ ಮುದುಕ ಎದ್ದು ಬೇರೆ ಸೀಟಿಗೆ ಹೋದ.

ಮನೆಗೆ ಬಂದು, ಜರ್ಮನಿಗೆ ಹೋಗಲು ಏನೇನು ಬೇಕೆಂದು ಗೋಡೆಗೆ ಅಂಟಿಸಿದ ಪಟ್ಟಿ ನೋಡಿದೆ. ಭಾಷೆ — ಆಯಿತು. ನರ್ಸಿಂಗ್ ಸರ್ಟಿಫಿಕೇಟಿಗೆ ಅವರ ಮಾನ್ಯತೆ — ಆಯಿತು. ಅಲ್ಲಿನ ಆಸ್ಪತ್ರೆಯ ಆಫರ್ — ಬಂದಿದೆ. ಬಾಕಿ: ನನ್ನ ಮೇಲೆ ಕೇಸಿಲ್ಲ ಎಂಬ ಪೊಲೀಸ್ ಸರ್ಟಿಫಿಕೇಟು. ಆಮೇಲೆ ವೀಸಾ. ಕೆಲವು ವರ್ಷ ದುಡಿದ ಮೇಲೆ ಅಲ್ಲೇ ನೆಲೆಸಲು ಅರ್ಜಿ. ಅವ್ವನನ್ನು ಕರೆಸಿಕೊಳ್ಳುವುದು ಕಷ್ಟವಂತೆ. ಅವ್ವನಿಗೆ ಹೇಳಿಲ್ಲ.

ನಿನ್ನೆ ಹುಬ್ಬಳ್ಳಿಯ ಜರ್ಮನ್ ಟೀಚರ್ ಅಮೃತಾ ಮೇಡಂ ಫೋನ್. "ಮಹಾನಂದಾ, ನಿಮ್ಮ ಸಿಟ್ಟು ನಂಗ ಗೊತ್ತೈತಿ. ಸರ್ಟಿಫಿಕೇಟ್ ಬರೂತನಾ ಯಾರ ಮ್ಯಾಲೂ ಕೈ ಎತ್ತಬ್ಯಾಡ್ರಿ. ಒಂದ್ ಕೇಸ್ ಬಿತ್ತಂದ್ರ ಎಲ್ಲಾ ಮುಗೀತು."

ಹೋದ ವರ್ಷ ಬಸ್ಸಿನಲ್ಲಿ ಸೊಂಟ ಸವರಿದವನ ಹಲ್ಲು ಮುರಿದಿದ್ದೆ. ನಾಚಿಕೆಗೆ ಅವನು ಕೇಸು ಕೊಡಲಿಲ್ಲ. ನನ್ನ ಅದೃಷ್ಟ.

ಆಗಸ್ಟ್ 29

ಅವ್ವ ಎಂಥ ಕೆಲಸ ಮಾಡಿದ್ದಾಳೆ... ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಕೊಟ್ಟು ಬಂದಿದ್ದಾಳೆ. "ಪೊಲೀಸ್ರು ಕೇಳಾಕ ಬರ್ತಾರ್ರಿ. ನಮ್ಮ ನಂದಾ ಜಗಳಗಂಟಿ ಅಲ್ಲ ಅಂತ ಹೇಳ್ರಿ. ಇಲ್ಲಂದ್ರ ಜರ್ಮನಿಗೆ ಬಿಡೂದಿಲ್ಲಂತ."

ಆ ಸಕ್ಕರೆ ದೊಡ್ಡಪ್ಪನ ಮಗ ಪ್ರಭುವಿನ ಮನೆಗೂ ಹೋಗಿದೆ. ಅಪ್ಪ ಸತ್ತಾಗಿನಿಂದ ನಮ್ಮ ನಾಲ್ಕು ಎಕರೆಯ ಮೇಲೆ ಅವನ ಕಣ್ಣು. ನಾನು ಹೋದ ಮೇಲೆ ಅವ್ವನಿಗಿರುವುದು ಆ ಹೊಲವೊಂದೇ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ.

ಸೆಪ್ಟೆಂಬರ್ 2, ಮಧ್ಯಾಹ್ನ

ಪ್ರಭು ಎರಡು ಹೊಲದ ನಡುವಿನ ಬಾಂದಗಲ್ಲು ಕಿತ್ತು ನಮ್ಮ ಹತ್ತಿಯೊಳಗೆ ಹತ್ತು ಹೆಜ್ಜೆ ಈಚೆ ನೆಟ್ಟಿದ್ದಾನೆ. ನಡುವಿನ ಹತ್ತಿಗಿಡ ಒಂದೂ ಉಳಿದಿಲ್ಲ. ಕೇಳಲು ಹೋದೆ.

"ಪ್ರಭಣ್ಣ, ಕಲ್ಲ ಯಾಕ ಕಿತ್ತಿ?"

ಕಪಾಳಕ್ಕೆ ಬಾರಿಸಿದ. ಕಿವಿ ಗುಂಯ್ ಅಂತು. ಕೆನ್ನೆ ಮುಂದೆ ಒಡ್ಡಿ, "ನೀನೂ ಹೊಡಿ. ಹೊಡದು ವಿಮಾನ ಹತ್ತು, ನೋಡೂಣು," ಅಂದ.

ಎರಡೂ ಕೈ ಹಿಂದೆ ಕಟ್ಟಿ ನಿಂತೆ. ಮನೆಗೆ ಬಂದು ಬೀಸುವ ಕಲ್ಲಿಗೆ ಒದ್ದೆ. ಹೆಬ್ಬೆರಳಿನ ಉಗುರು ಎದ್ದಿತು.

ಸೆಪ್ಟೆಂಬರ್ 5

ಕಾನ್ಸ್‌ಟೇಬಲ್ ಬಂದು ಓಣಿಯಲ್ಲಿ ಕೇಳಿ ಹೋದ. ಎಲ್ಲರೂ ಒಳ್ಳೆಯ ಮಾತೇ ಆಡಿದರಂತೆ. ಪ್ರಭು ಕೂಡ. ಅಗದಿ ಸಂಭಾವಿತ ಹುಡುಗಿ ಅಂದನಂತೆ. ಹೆದರಿಕೆಯಾಯಿತು. ಸರ್ಟಿಫಿಕೇಟಿನ ಆಸೆ ಇರುವತನಕ ನನ್ನ ಕೈ ಕಟ್ಟಿರುತ್ತದೆಂದು ಅವನಿಗೆ ಗೊತ್ತು.

ಸೆಪ್ಟೆಂಬರ್ 9

ಸಂತೆಯಲ್ಲಿ ಪ್ರಭು ಎಲ್ಲರೆದುರು ನನ್ನ ಜಡೆ ಹಿಡಿದು ಎಳೆದ. ಮೊಣಕಾಲೂರಿ ಬಿದ್ದೆ. ಕಾಯಿಪಲ್ಲೆಯ ಮೇಲೆ ನಿಂತು ತುಳಿದ. "ಸಹಿ ಮಾಡು. ಹೊಲ ಬಿಡು. ಆಮ್ಯಾಲೆ ಎಲ್ಲಿಗ್ಯಾರ ಹೋಗು."

ತಕ್ಕಡಿಯ ಕಲ್ಲು ಕೈಗೆಟಕುವಷ್ಟು ಹತ್ತಿರವಿತ್ತು. ಎರಡು ಕಿಲೋದ್ದು. ಅವನ ಹಣೆ ಎಲ್ಲಿ ಒಡೆಯುತ್ತದೆಂದೂ ಗೊತ್ತಿತ್ತು. ಮುಟ್ಟಲಿಲ್ಲ.

ಸ್ಟೇಷನ್‌ಗೆ ಹೋಗೋಣವೆಂದರೆ ಅವನೂ ಎದುರು ಕೇಸು ಕೊಡುತ್ತಾನೆ. ಅವನಿಗೆ ಬೇಕಾದದ್ದೂ ಅದೇ, ಕೇಸು ಹಿಂದೆ ತೆಗೆಯಲು ಹೊಲ ಕೇಳಬಹುದು. ಅವ್ವ ನನ್ನ ಮೊಣಕಾಲಿಗೆ ಅರಿಶಿನ ಹಚ್ಚಿದಳು.

ಸೆಪ್ಟೆಂಬರ್ 14, ಸಂಜೆ 5, ಆಸ್ಪತ್ರೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಸೊಟ್ಟಂಪಟ್ಟ.

ಬೆಳಿಗ್ಗೆ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದೆವು. ಪ್ರಭು ಟ್ರ್ಯಾಕ್ಟರ್ ತಂದು ಬಿಡಿಸಿಟ್ಟ ರಾಶಿಯ ಮೇಲೆಯೇ ಹಾಯಿಸಿದ. ಅಡ್ಡ ನಿಂತ ಅವ್ವನ ಎದೆಗೆ ಒದ್ದ. ಅರವತ್ತೆರಡು ವರ್ಷದವಳು, ಹಾಗೇ ಮಗುಚಿ ಬಿದ್ದಳು. ಎತ್ತಲು ಬಗ್ಗಿದೆ. ನನ್ನ ಬಲಗೈಯನ್ನು ಬೂಟಿನಿಂದ ನೆಲಕ್ಕೆ ಒತ್ತಿ ತಿರುವಿದ. ಬೆರಳು ಲಟಕ್ ಎಂದದ್ದು ಕೇಳಿಸಿತು.

"ಈಗರ ಹೊಡಿಬೇ ನರ್ಸ್..."

ಹೊಡೆಯಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಹೊಡೆಯಲಿಲ್ಲ.

ಅವ್ವ ಯಾವಾಗ ಎದ್ದಳೋ. ಕುಡಗೋಲು ಅವನ ಎಡತೋಳಿಗೆ ಬಿತ್ತು. ಕಿತ್ತು ಇನ್ನೊಮ್ಮೆ ಬೀಸಿದಳು, ಅದೇ ತೋಳಿಗೆ. "ನಾ ಯಾ ದೇಶಕ್ಕೂ ಹೋಗೂದಿಲ್ಲಲೇ," ಅಂದಳು. ಕೂಗಲಿಲ್ಲ. ಆಮೇಲೆ ನನ್ನತ್ತ ತಿರುಗಿ, "ನೀ ಹೊಲಕ್ಕ ಬಂದೇ ಇಲ್ಲ. ಓಡು," ಅಂದಳು.

ರಕ್ತ ಚಿಮ್ಮುತ್ತಿತ್ತು. ಬಿಟ್ಟರೆ ಕೆಲವೇ ನಿಮಿಷ. ಬಿಡೋಣ ಅನಿಸಿತು. ಖುಷಿಯಾಯಿತು, ಸುಳ್ಳು ಯಾಕೆ. ಓಡಿದ್ದರೆ ನನ್ನ ಹೆಸರು ಯಾವ ಕಾಗದದಲ್ಲೂ ಬರುತ್ತಿರಲಿಲ್ಲ. ಆದರೆ ಎಡಗೈ ಆಗಲೇ ಗಾಯವನ್ನು ಒತ್ತಿ ಹಿಡಿದಿತ್ತು. ಹೆಸರುಕಾಯಿಯ ಚೀಲ ಒಯ್ಯಲು ಯಮನೂರಿನ ಯುನೂಸ್ ಗಾಡಿ ತಂದಿದ್ದ. ಪ್ರಭುವನ್ನು ಅದರಲ್ಲೇ ಹಾಕಿಕೊಂಡು ಬಂದೆವು. ದಾರಿಯಲ್ಲಿ ಪ್ರಭುವಿನ ಕಣ್ಣು ಮುಚ್ಚದಂತೆ ಕೆನ್ನೆ ತಟ್ಟುತ್ತ ಕೇಳುತ್ತಲೇ ಇದ್ದೆ — "ವೋ ಟೂಟ್ ಎಸ್ ವೇ? ವೋ ಟೂಟ್ ಎಸ್ ವೇ?"

"ಏನಂತಾಳೋ ಇಕಿ..." ಅಂದ ಅವನು. ಬದುಕುತ್ತಾನೆ.

ಸೆಪ್ಟೆಂಬರ್ 15, ಬೆಳಿಗ್ಗೆ 10, ಸ್ಟೇಷನ್

ಪ್ರಭು ಹೇಳಿಕೆ ಕೊಟ್ಟಿದ್ದಾನೆ — ಹೊಡೆದವಳು ನಂದಾ. ಅವ್ವ ಹೇಳುತ್ತಿದ್ದಾಳೆ — ನಾನೇ, ನನ್ನ ಮಗಳು ಊರಲ್ಲೇ ಇರಲಿಲ್ಲ. ಉಸಿರೆಳೆದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಾಳೆ. ಪಕ್ಕೆಲುಬು ಮುರಿದಿದೆ. ಜೈಲಿನಲ್ಲಿ ಒಂದು ಚಳಿಗಾಲ ಕಳೆಯಲಾರಳು.

ಪಿಎಸ್‌ಐ ಬಿಳಿ ಹಾಳೆ ಮುಂದಿಟ್ಟರು. "ನಿಮ್ಮದೂ ಒಂದ್ ಹೇಳಿಕಿ ಬರದು ಕೊಡ್ರಿ. ಯಾರು ಹೊಡದ್ರು ಅನ್ನೂದು ಸ್ಪಷ್ಟ ಇರಲಿ." ಹೇಳಿ ಹೊರಗೆ ಚಹಾಕ್ಕೆ ಹೋದರು.

ಒಂಬತ್ತೂವರೆಗೆ ಫೋನಿಗೆ ಮೆಸೇಜು. ಸರ್ಟಿಫಿಕೇಟು ತಯಾರಾಗಿದೆ. ಬಂದು ತೆಗೆದುಕೊಂಡು ಹೋಗಬೇಕಂತೆ.

ಹಾಳೆಯ ಮೇಲೆ ಬರೆದಾಯಿತು. ಕುಡಗೋಲು ಬೀಸಿದವಳು ನಾನು, ಅವ್ವ ಬಿಡಿಸಲು ಬಂದವಳು. ಎಡಗೈ ಅಕ್ಷರ, ನನಗೇ ಗುರುತು ಸಿಗುವುದಿಲ್ಲ. ಸಹಿಯೊಂದು ಬಾಕಿ. ಎದುರು ಬೆಂಚಿನಿಂದ ಅವ್ವ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದಾಳೆ. ಎದ್ದಳು. ಎದೆ ಹಿಡಿದುಕೊಂಡು ಇತ್ತಲೇ ಬರುತ್ತಿದ್ದಾಳೆ, ಹಾಳೆ ಕಸಿಯಲು. ಅಷ್ಟರೊಳಗೆ ನಾನು ಸಹಿ ಹಾಕಬೇಕು.