ಎರಡಂಗುಲದ ಅಪರಾಧ

ಮಾನ್ಯರೇ,

ರಸ್ತೆಗಳನ್ನೂ ಆ ರಸ್ತೆಗಳ ಮೇಲೆ ಓಡುವ ವಾಹನಗಳನ್ನೂ ಒಂದೇ ಮೇಜಿನಿಂದ ನೋಡಿಕೊಳ್ಳುವ ಹಿರಿಯ ಅಧಿಕಾರಿಗಳು ತಾವು. ನನ್ನ ಪಿಕಪ್ ಗಾಡಿ ಇರಬೇಕಾದುದಕ್ಕಿಂತ ಎರಡಂಗುಲ ಎತ್ತರವಾಗಿದೆ ಎಂದು ತಮ್ಮ ಕಚೇರಿ ತೀರ್ಮಾನಿಸಿತು. ನಾನು ಇಳಿಸಿದೆ. ಇಳಿಸಿದ ಗಾಡಿಯಲ್ಲಿ ಕೂರಲಾರದೆ ನನ್ನ ತಂಗಿ ಚಿಕಿತ್ಸೆಯನ್ನೇ ಬಿಟ್ಟಳು. ಈಗ ಅವಳಿಲ್ಲ; ರಸ್ತೆ ಹಾಗೆಯೇ ಇದೆ. ಇಷ್ಟನ್ನು ಹೇಳಲು ತಮ್ಮ ಕಚೇರಿಗೆ ಬಂದಿದ್ದೆ. ಕಿಟಕಿಯ ಹಿಂದಿದ್ದವರು ತಾಳ್ಮೆಯಿಂದ ಕೇಳಿಸಿಕೊಂಡು, ಸಾವಿನ ವಿಷಯ ಈ ಕಿಟಕಿಗೆ ಬರುವುದಿಲ್ಲ ಎಂದರು. ಯಾವ ಕಿಟಕಿಗೆ ಬರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾವು ಅಕ್ಕತಂಗಿಯರು ಸೇತುವೆಯಾಚೆಯ ದಿಬ್ಬದ ಮೇಲೆ ಸಸಿ ಬೆಳೆಸಿ ಮಾರುವವರು. ಗಾಡಿ ಓಡಿಸುವುದು ನನ್ನ ಕೆಲಸ, ಮಾತಾಡುವುದು ಅವಳದು. ಹುಟ್ಟಿದಾಗಿನಿಂದ ಮನೆಯಲ್ಲಿ ಅವಳನ್ನು ಚೂಟಿ ಎಂದೇ ಕರೆಯುತ್ತಿದ್ದೆವು. ನಿಂಬೆ ಸಸಿ ಕೇಳಿ ಬಂದವರಿಗೆ ನಿಂಬೆ, ದಾಳಿಂಬೆ, ಅದರ ಮೇಲೊಂದು ಮಲ್ಲಿಗೆ ಬಳ್ಳಿಯನ್ನೂ ಹೊರಿಸಿ, ಅವರು ನಗುನಗುತ್ತಾ ಹೋಗುವಂತೆ ಮಾಡುತ್ತಿದ್ದಳು. ಅಂಥವಳ ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿತು. ಗುಣವಾಗುತ್ತದೆ ಎಂದು ವೈದ್ಯೆ ಸುಳ್ಳು ಹೇಳಲಿಲ್ಲ. ವಾರವಾರ ತಪ್ಪದೆ ಕರೆತಂದರೆ ನೋವು ಹತೋಟಿಯಲ್ಲಿರುತ್ತದೆ, ಇರುವಷ್ಟು ಕಾಲ ಇವರು ಇವರಾಗಿಯೇ ಇರುತ್ತಾರೆ ಎಂದರು. ನಮಗೆ ಅಷ್ಟೇ ಸಾಕಾಗಿತ್ತು.

ಆದರೆ ಆಸ್ಪತ್ರೆಗೂ ನಮಗೂ ನಡುವೆ ತಮ್ಮ ರಸ್ತೆ ಇತ್ತು. ಸೇತುವೆಯಿಂದ ದಿಬ್ಬದವರೆಗೆ ಪೈಪು ಹೂಳಲು ಅಗೆದವರು ಮಣ್ಣು ಎಳೆದು, ಕಲ್ಲು ಸುರಿದು, ಡಾಂಬರಿನ ಮಾತನ್ನೇ ಮರೆತು ಹೋದರು. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಫಲಕವನ್ನು ಮಾತ್ರ ಬಿಟ್ಟುಹೋದರು. ಸುಳ್ಳೇಕೆ ಹೇಳಲಿ, ಪ್ರಗತಿ ಆಗಿದೆ: ಬಣ್ಣ ಮಾಸಿದ ಆ ಫಲಕಕ್ಕೆ ಹೊಸ ಬಣ್ಣ ಬಳಿಸಿದ್ದೀರಿ. ನಮ್ಮ ಗಾಡಿಯ ಹೊಟ್ಟೆ ಆ ಕಲ್ಲುಗಳಿಗೆ ಬಡಿಯುತ್ತಿತ್ತು. ಒಂದೊಂದು ಬಡಿತಕ್ಕೂ ಚೂಟಿ ಬಾಗಿಲ ಹಿಡಿಯನ್ನು ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದಳು. ಕೂಗುತ್ತಿರಲಿಲ್ಲ. ಕೂಗಿದ್ದರೆ ನನಗೆ ಓಡಿಸುವುದು ಸುಲಭವಾಗುತ್ತಿತ್ತು. ಬಾಡಿಗೆ ಕಾರಿನವರು ಸೇತುವೆಯ ಹತ್ತಿರವೇ ಕೈಮುಗಿಯುತ್ತಿದ್ದರು. ಆಂಬುಲೆನ್ಸಿನವರೂ ಒಮ್ಮೆ ಅಲ್ಲಿಗೆ ಬಂದು, ಮುಂದೆ ಬಂದರೆ ಕೆಳಗೆ ಹೊಡೆಯುತ್ತದೆ ಎಂದು ಫೋನು ಮಾಡಿ ತಿರುಗಿ ಹೋದರು.

ಗಾಡಿ ಎತ್ತರಿಸೋಣ ಎಂದವಳು ಅವಳೇ. ಟೈರ್ ಅಂಗಡಿಗೆ ಹೋದೆವು. ಅಂಗಡಿಯವರು ಉತ್ಸಾಹದ ಮನುಷ್ಯ. ಮಿರಮಿರ ಮಿಂಚುವ ಕಪ್ಪು ಚಕ್ರ, ಮೊಸಳೆ ಬೆನ್ನಿನಂಥ ಟೈರು, ಏಣಿ ಹಾಕಿ ಹತ್ತುವಷ್ಟು ಎತ್ತರ, ಎಲ್ಲವನ್ನೂ ತೋರಿಸಿದರು. ಮದುವೆಗೆ ಸೀರೆ ಆರಿಸುವ ಹಾಗೆ ಒಂದೊಂದನ್ನೇ ಮುಂದಿಟ್ಟರು. ಚೂಟಿ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ನೋಡಿದಳು.

“ಅಣ್ಣ, ಗಾಡಿ ನೋಡಿ ಜನ ಬೆರಗಾಗೋದು ಬೇಡ. ಓಡ್ತಾ ಇದೆ ಅಂತ ನನ್ನ ಬೆನ್ನಿಗೆ ಗೊತ್ತಾಗಬಾರದು, ಅಷ್ಟೇ,” ಎಂದಳು.

ಅವರ ಉತ್ಸಾಹ ಅಲ್ಲಿಗೆ ನಿಂತಿತು. ಒಂದು ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತರು. ಆಮೇಲೆ ಮೂವರೂ ಸೇರಿ ಆರಿಸಿದೆವು. ದೊಡ್ಡ ಚಕ್ರ ಬೇಡ, ಚಕ್ರ ದೊಡ್ಡದಾದಷ್ಟೂ ಸುತ್ತಲಿನ ರಬ್ಬರು ತೆಳ್ಳಗಾಗಿ ಏಟು ನೇರ ಬೆನ್ನಿಗೆ ಬರುತ್ತದೆ. ಚಿಕ್ಕ ಚಕ್ರವೇ ಇರಲಿ, ಅದಕ್ಕೆ ದಪ್ಪ ಪಕ್ಕೆಯ ಟೈರು. ಮೊಸಳೆ ಬೆನ್ನಿನದು ಬೇಡ, ಅದು ಒರಟು, ಸದ್ದೂ ಜಾಸ್ತಿ. ಕಲ್ಲಿಗೂ ಡಾಂಬರಿಗೂ ಒಗ್ಗುವ ಸಾಧಾರಣ ಗೀರುಗಳದ್ದು ಸಾಕು. ಎತ್ತರ ಎರಡೇ ಅಂಗುಲ. ಅದಕ್ಕಿಂತ ಹೆಚ್ಚಾದರೆ ಅವಳು ಹತ್ತಲಾರಳು, ಗಾಡಿಯೂ ತಿರುವಿನಲ್ಲಿ ಓಲಾಡುತ್ತದೆ. ಮೆತ್ತಗಿನ ಸ್ಪ್ರಿಂಗು, ಹತ್ತಲು ಒಂದು ಮೆಟ್ಟಿಲು. ಚಕ್ರ ಮಡ್‌ಗಾರ್ಡಿನಿಂದ ಹೊರಗೆ ಇಣುಕಬಾರದು ಎಂದು ಅಂಗಡಿಯವರೇ ಎಚ್ಚರ ವಹಿಸಿದರು. ಬಣ್ಣ ಕೇಳಿದ್ದಕ್ಕೆ ಚೂಟಿ, ಕಪ್ಪು ಬೇಡ, ನಾನಿನ್ನೂ ಇದ್ದೀನಿ ಎಂದಳು. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ನಕ್ಕ ಮೇಲೆ ನಕ್ಕರು.

ಮುಂದಿನ ವಾರ ಆಸ್ಪತ್ರೆಯಿಂದ ಹಿಂತಿರುಗುವಾಗ ಸೇತುವೆ ದಾಟಿದೆವು. ಕಲ್ಲುಗಳ ಮೇಲೆ ಗಾಡಿ ದೋಣಿಯ ಹಾಗೆ ಮೆಲ್ಲಗೆ ಏರಿಳಿಯಿತು. ಚೂಟಿ ಏನೂ ಮಾತಾಡಲಿಲ್ಲ. ಹೆದರಿ ಪಕ್ಕಕ್ಕೆ ನೋಡಿದರೆ, ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು. ಮನೆ ಮುಂದೆ ಇಂಜಿನ್ ಆರಿಸಿ, ಅವಳಾಗಿಯೇ ಏಳುವವರೆಗೂ ಅಲ್ಲೇ ಕುಳಿತಿದ್ದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಆ ಟೈರು ಆರಿಸಿದ್ದು ಎನ್ನುತ್ತೇನೆ.

ಆ ಸುಖ ತಮ್ಮ ಗಮನಕ್ಕೆ ಬಾರದೇ ಹೋಗಲಿಲ್ಲ. ಸೇತುವೆಯ ಬಳಿ ತಮ್ಮ ತಪಾಸಣಾಧಿಕಾರಿ ಅಳತೆ ಟೇಪು ಹಿಡಿದು ನಿಂತಿದ್ದರು. ಸಭ್ಯ ಮನುಷ್ಯ, ಗದರಿಸಲಿಲ್ಲ. ನೆಲದಿಂದ ಅಳೆದು, ಟೈರು ಅಳೆದು, ದಾಖಲೆಗೂ ಗಾಡಿಗೂ ಹೊಂದುತ್ತಿಲ್ಲ ಎಂದರು. ನಾನು ಆಸ್ಪತ್ರೆಯ ಚೀಟಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಚೂಟಿ ಕಿಟಕಿಯಿಂದ ತಲೆ ಹೊರಹಾಕಿದಳು.

“ಸಾರ್, ಹೇಗೂ ಟೇಪು ಬಿಚ್ಚಿದ್ದೀರಿ. ಹಾಗೇ ಆ ಗುಂಡೀನೂ ಒಂಚೂರು ಅಳೀರಿ.”

“ಅದು ನನ್ನ ಕೆಲಸ ಅಲ್ಲಮ್ಮ,” ಎಂದರು ಅವರು. ಮುಖ ಸಣ್ಣದಾಗಿತ್ತು.

ನಿಜ, ಅವರ ಕೆಲಸವಲ್ಲ. ತಮ್ಮದು. ಟೇಪೂ ತಮ್ಮದೇ, ಗುಂಡಿಯೂ ತಮ್ಮದೇ. ರಸ್ತೆಯನ್ನು ಗಾಡಿಗೆ ತಕ್ಕಂತೆ ಇಡಬೇಕಾದವರು ತಾವು ಇಡಲಿಲ್ಲ. ಗಾಡಿಯನ್ನು ರಸ್ತೆಗೆ ತಕ್ಕಂತೆ ಮಾಡಿಕೊಂಡ ನಾವು ತಪ್ಪಿತಸ್ಥರಾದೆವು. ನಿಯಮ ಏಕಿದೆ ಎಂದು ನನಗೆ ತಿಳಿಯದೇನಲ್ಲ. ಬೇಕಾಬಿಟ್ಟಿ ಎತ್ತರಿಸಿದ ಗಾಡಿಗಳು ಮಗುಚುತ್ತವೆ, ಅವುಗಳ ದೀಪ ಎದುರಿನವರ ಕಣ್ಣು ಕುಕ್ಕುತ್ತದೆ. ಅದಕ್ಕೇ ತಮ್ಮ ಕಚೇರಿಗೆ ಬಂದು, ಪರೀಕ್ಷೆ ಮಾಡಿ, ತಿರುವಿನಲ್ಲಿ ಓಡಿಸಿ ನೋಡಿ, ದೀಪ ತಗ್ಗಿಸಿದ್ದೇವೆ ನೋಡಿ ಎಂದು ಬೇಡಿಕೊಂಡೆ. ಮೊದಲು ಗಾಡಿಯನ್ನು ಹಳೆಯ ಸ್ಥಿತಿಗೆ ತನ್ನಿ, ಆಮೇಲೆ ಎತ್ತರಿಸಲು ಅನುಮತಿ ಕೇಳಿ, ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ತರದಿದ್ದರೆ ಗಾಡಿಯೇ ಜಪ್ತಿ. ಬೆನ್ನುಮೂಳೆ ಕರಗುತ್ತಿರುವವರು ಪರಿಶೀಲನೆ ಮುಗಿಯುವವರೆಗೆ ಹೇಗೆ ಕೂರಬೇಕು ಎಂಬುದಕ್ಕೆ ತಮ್ಮಲ್ಲಿ ನಿಯಮವಿದೆಯೇ?

ಟೈರ್ ಅಂಗಡಿಯವರು ಎಲ್ಲ ಬಿಚ್ಚಿ, ಹಳೆಯದನ್ನು ಕೂರಿಸಿದರು. ಅದರ ನಂತರದ ಮೊದಲ ಪ್ರಯಾಣದಲ್ಲಿ, ಹಿಂತಿರುಗುವಾಗ, ಚೂಟಿ ಸೇತುವೆಯ ಬಳಿ ಗಾಡಿ ನಿಲ್ಲಿಸು ಎಂದಳು. ಕೂತ್ಕೊಂಡು ಒದ್ದಾಡೋದಕ್ಕಿಂತ ನಡೆಯೋದೇ ವಾಸಿ ಎಂದು ಇಳಿದಳು. ಕಿಟಕಿಯ ಚೌಕಟ್ಟು ಹಿಡಿದು ನಡೆದಳು. ನಾನು ಅವಳ ಹೆಜ್ಜೆಗೆ ಗಾಡಿ ಓಡಿಸಿದೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಸಸಿ ಕೊಳ್ಳಲು ಬರುತ್ತಿದ್ದ ಗಿರಾಕಿಯೊಬ್ಬರು ಏನಾಯ್ತು ಎಂದು ಗಾಬರಿಯಾದರು. ಏನಿಲ್ಲ, ಅಕ್ಕನ ಗಾಡಿ ಮುದಿಯಾಗಿದೆ, ಕೈಹಿಡಿದು ಕರ್ಕೊಂಡು ಹೋಗ್ತಿದ್ದೀನಿ ಎಂದಳು. ಅವರು ನಕ್ಕರು. ನನಗೆ ಸ್ಟೀರಿಂಗ್ ಕಾಣುತ್ತಿರಲಿಲ್ಲ.

ಮುಂದಿನ ವಾರ ನಾನು ಹೊರಟು ನಿಂತಾಗ ಅವಳು ಮಂಚದಿಂದ ಏಳಲಿಲ್ಲ.

“ಅಕ್ಕ, ಅಲ್ಲಿ ಕಮ್ಮಿ ಮಾಡಿ ಕಳಿಸ್ತಾರೆ, ದಾರಿಯಲ್ಲಿ ಎಲ್ಲಾ ವಾಪಸ್ ಬರತ್ತೆ. ನಾನು ಇಲ್ಲೇ ಇರ್ತೀನಿ ಬಿಡು.”

ಎತ್ತಿಕೊಂಡು ಹೋಗುತ್ತೇನೆ ಎಂದೆ. ಜಗಳವಾಡಿದೆ, ಅತ್ತೆ. ಅವಳು ನನ್ನ ಕೈಯಿಂದ ಗಾಡಿಯ ಕೀಲಿ ತೆಗೆದು ದಿಂಬಿನ ಕೆಳಗಿಟ್ಟುಕೊಂಡಳು. ಆಮೇಲೆ ಮಾತ್ರೆಗಳ ಮೇಲೆ ದಿನ ನೂಕಿದೆವು. ಅವಳ ಮಂಚವನ್ನು ಸಸಿಗಳ ನೆರಳಿಗೆ ತಂದು ಹಾಕಿದೆ. ನೋವು ಏರಿದಂತೆ ಅವಳ ಮಾತು ಇಳಿಯಿತು. ಕೊನೆಗೆ ಗಿರಾಕಿಗಳು ಬಂದರೂ ಕಣ್ಣು ತೆರೆಯುತ್ತಿರಲಿಲ್ಲ. ಒಂದು ಬೆಳಗ್ಗೆ ನಾನು ಸಸಿಗಳಿಗೆ ನೀರು ಹಾಯಿಸುತ್ತಿರುವಾಗ ಹೋಗಿಬಿಟ್ಟಳು.

ಎತ್ತರಿಸಿದ ಗಾಡಿ ಇದ್ದಿದ್ದರೆ ಅವಳು ಬದುಕುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಹಾಗೆಂದು ಹೇಳಿದರೆ ತಮ್ಮವರು ವೈದ್ಯರನ್ನು ಕರೆಸಿ ಅಲ್ಲಗಳೆದು, ಕಡತ ಮುಚ್ಚಿ ನೆಮ್ಮದಿಯಾಗಿರುತ್ತಾರೆ. ಅವಳು ಸಾಯುವವಳೇ ಇದ್ದಳು, ಸ್ವಾಮಿ. ಆದರೆ ಮಾತಾಡುತ್ತಾ ಸಾಯಬಹುದಿತ್ತು. ಇನ್ನಷ್ಟು ಸಲ ನನ್ನ ಪಕ್ಕದಲ್ಲಿ ನಿದ್ದೆ ಮಾಡಬಹುದಿತ್ತು. ತಾವು ಕಿತ್ತುಕೊಂಡದ್ದು ಅದನ್ನು. ಅದಕ್ಕೆ ಯಾವ ಪರಿಹಾರ ಕೊಡುತ್ತೀರಿ? ಕೊಟ್ಟರೂ ನಾನದನ್ನು ಯಾವ ಕೈಯಲ್ಲಿ ತೆಗೆದುಕೊಳ್ಳಲಿ?

ನನಗಾಗಿ ಏನೂ ಬೇಡ. ಆ ರಸ್ತೆ ಮಾಡಿಸಿ. ಮಾಡಿಸುವವರೆಗೆ, ದಿಬ್ಬದವರು ಮಿತವಾಗಿ ಎತ್ತರಿಸಿಕೊಂಡ ಗಾಡಿಗಳನ್ನು ಪರೀಕ್ಷಿಸಿ, ಓಡಲು ಬಿಡಿ. ನಮ್ಮ ಮೇಲಿನ ಮನೆಯಲ್ಲಿ ಟೈಲರ್ ಒಬ್ಬರ ಹೆಂಡತಿಗೆ ದಿನ ತುಂಬುತ್ತಿದೆ. ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ನಾನು ಒಪ್ಪಿಕೊಂಡಿದ್ದೇನೆ. ನಿನ್ನೆ ಆ ಚಕ್ರ, ಆ ಟೈರು, ಆ ಸ್ಪ್ರಿಂಗುಗಳನ್ನು ಮತ್ತೆ ಹಾಕಿಸಿದ್ದೇನೆ. ಕದ್ದುಮುಚ್ಚಿ ಮಾಡಿಲ್ಲ, ಇಲ್ಲಿ ಹೇಳಿಯೇ ಮಾಡಿದ್ದೇನೆ. ತಡೆಯುವುದಾದರೆ ತಡೆಯಿರಿ. ಆದರೆ ಆ ಸಭ್ಯ ಮನುಷ್ಯನನ್ನು ಸೇತುವೆಯ ಬಳಿ ನಿಲ್ಲಿಸಬೇಡಿ. ತಾವೇ ಬನ್ನಿ. ಸೇತುವೆಯವರೆಗಲ್ಲ, ದಿಬ್ಬದ ಮೇಲಿನ ನಮ್ಮ ಮನೆಯವರೆಗೂ ಬನ್ನಿ. ತಮ್ಮ ಕಾರಿನಲ್ಲೇ ಬನ್ನಿ.

ಇಂತಿ,
ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಗುಂಡಿ ಬಂದಾಗ ನಿಧಾನ ಮಾಡುವ,
ಸಸಿ ಮಾರುವ ಅಕ್ಕ