ಪ್ರಜ್ಞೇಶನಿಗಾಗಿ ಒಂದು ಸಂಜೆ

ಮಾದಾಪುರ
14 ಡಿಸೆಂಬರ್ 2024

ಪ್ರೀತಿಯ ಮೋಕ್ಷಿ ಅಕ್ಕ,

ಮಡಗಾಂವ್‌ನಲ್ಲಿ ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ, ಫೋನನ್ನೂ ಎತ್ತಲಿಲ್ಲ. ಬೈದುಕೋ, ಪರವಾಗಿಲ್ಲ. ಕಾಫಿ ಕೊಯ್ಲು ಶುರುವಾಗಿದೆ, ಪುರುಸೊತ್ತಿಲ್ಲ ಎಂದು ನೆಪ ಹೇಳಬಹುದಿತ್ತು. ಆದರೆ ದೊಡ್ಡಮ್ಮನ ಮಗಳಿಗೆ ನನ್ನ ನೆಪಗಳೆಲ್ಲ ಗೊತ್ತು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಪ್ರಜ್ಞೇಶನ ಆರೋಗ್ಯ ಹೇಗಿದೆ ಎಂದು ನೀನು ಕೇಳಿದ್ದೆ. ಮೈ ಸುಧಾರಿಸಿದೆ. ಸಂಪಾಜೆ ಘಾಟಿಯಲ್ಲಿ ಬೈಕ್ ಜಾರಿ ಮುರಿದ ಕಾಲು ಕೂಡಿಕೊಂಡಿದೆ, ಕೋಲು ಹಿಡಿದು ಅಂಗಳದವರೆಗೆ ಹೋಗುತ್ತಾನೆ. ಕಷ್ಟವಿರುವುದು ತಲೆಯೊಳಗೆ. ಈಚಿನ ಹತ್ತು ವರ್ಷ ಅವನ ಪಾಲಿಗೆ ಇಲ್ಲವೇ ಇಲ್ಲ. ಅಪ್ಪ ಅಮ್ಮ ಗೊತ್ತು, ತೋಟ ಗೊತ್ತು, ಕಾಲೇಜಿನಲ್ಲಿ ನೀವೆಲ್ಲ ಸೇರಿ ‘ಕರಿಮೆಣಸು’ ಬ್ಯಾಂಡ್ ಕಟ್ಟಿದ್ದು ಗೊತ್ತು. ಆಮೇಲಿನದು ಏನೂ ಇಲ್ಲ. ಮಂಗಳೂರಿನ ಡಾಕ್ಟರನ್ನು ಕೇಳಿದರೆ, “ಕೆಲವರಿಗೆ ವಾಪಸ್ ಬರ್ತದೆ, ಕೆಲವರಿಗೆ ಬರುವುದಿಲ್ಲ, ಕಾಯುವ” ಎನ್ನುತ್ತಾರೆ.

ನೀನು ಡ್ರಮ್ಸ್ ಬಿಟ್ಟು ಗೋವಾಕ್ಕೆ ಹೋದ ಮೇಲಿನ ಕರಿಮೆಣಸಿನ ಕತೆ ನಿನಗೆ ಅಷ್ಟಾಗಿ ಗೊತ್ತಿಲ್ಲ. ಮೊದಮೊದಲು ಪ್ರಜ್ಞೇಶ ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಬಾರಿಸು ಎಂದು ಗದರಿಸಿಕೊಂಡಿದ್ದಾನೆ. ಬೆಂಗಳೂರಿನ ಪಬ್ಬುಗಳಲ್ಲಿ ಬೆನ್ನು ತಿರುಗಿಸಿ ಕುಡಿಯುವವರ ಮುಂದೆ ಹಾಡಿದ್ದಾನೆ. ನಮ್ಮ ಮದುವೆಯಾದ ವರ್ಷ ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ಅಕಾಲದ ಮಳೆ ಬಂತು. ಮನೆಮಂದಿಯೆಲ್ಲ ಟಾರ್ಪಾಲು ಹಿಡಿದುಕೊಂಡು ಓಡುತ್ತಿರುವಾಗ ಅವನು ಜಗಲಿಯಲ್ಲಿ ಗಿಟಾರ್ ಹಿಡಿದು ಕೂತಿದ್ದ. ಮಾವ ಕೊಟ್ಟ ಬೈಗುಳ ಈಗಲೂ ಕಿವಿಯಲ್ಲಿದೆ. ಆದರೆ ಆವತ್ತು ಹುಟ್ಟಿದ ‘ಕಣದ ಬಿಸಿಲು’ ಹಾಡು ಅವನನ್ನು ಕೋಲ್ಕತ್ತ, ಕೊಚ್ಚಿ, ಶಿಲ್ಲಾಂಗ್‌ವರೆಗೆ ಕರೆದುಕೊಂಡು ಹೋಯಿತು. ಕನ್ನಡ ಬಾರದ ಹುಡುಗರು ಅದನ್ನು ಬಾಯಿಪಾಠ ಮಾಡಿಕೊಂಡು ಕೂಗುತ್ತಿದ್ದರಂತೆ. ಅವನ ಒಳ್ಳೆಯ ದಿನಗಳು ಅವು. ನೆನಪಿನಿಂದ ಅಳಿಸಿಹೋದದ್ದೂ ಅವೇ.

ಆಸ್ಪತ್ರೆಯ ಖರ್ಚಿಗೆಂದು ಸಹಾಯಾರ್ಥ ಸಂಗೀತ ಕಾರ್ಯಕ್ರಮ ಇಡುವ ಯೋಚನೆ ನಿತೇಶನದು. ಅದೇ, ನಿಮ್ಮ ಬಾಸ್ ಗಿಟಾರಿನ ನಿತೇಶ. ಮನೆಗೆ ಬಂದು, “ಬೇರೆಯವರು ಹಾಡಿದ್ರೆ ಎಂತ ಚೆಂದ ಅತ್ತಿಗೆ? ಅವನನ್ನೇ ಸ್ಟೇಜಿಗೆ ಹತ್ತಿಸುವ. ಬೆರಳು ಏನೂ ಮರ್ತಿಲ್ಲ, ನೋಡಿ” ಎಂದ. ನಿಜ. ಗಿಟಾರ್ ಕೈಗೆ ಕೊಟ್ಟರೆ ಆ ಹಾಡಿನ ಒಂದೊಂದು ಸ್ವರವೂ ತಾನಾಗಿ ಬರುತ್ತದೆ. ನಾನು ಒಪ್ಪಿದೆ. ನನ್ನ ಆಸೆ ಹಣದ್ದಲ್ಲ ಅಕ್ಕ. ಅಷ್ಟು ಜನ, ಆ ಬೆಳಕು, ಆ ಹಾಡು, ಇಷ್ಟೆಲ್ಲ ಸೇರಿದರೆ ಒಳಗೆಲ್ಲೋ ಒಂದು ಬಾಗಿಲು ತೆರೆದೀತು ಎಂದುಕೊಂಡೆ.

ಕಳೆದ ಭಾನುವಾರ ಸಂಜೆ ಮಡಿಕೇರಿಯಲ್ಲಿ ಹಾಲ್ ತುಂಬಿತ್ತು. ಕಕ್ಕಬೆ, ಬಾಳೆಲೆಯಿಂದಲೂ ಜೀಪ್ ಮಾಡಿಕೊಂಡು ಬಂದಿದ್ದರು. ಮಗನ ಒಂದು ಕಾರ್ಯಕ್ರಮಕ್ಕೂ ಕಾಲಿಡದ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದೆ ತಿರುಗಿ ಅಷ್ಟೂ ಜನರನ್ನು ನೋಡಿ, “ಇವೆಲ್ಲ ನಮ್ಮ ಪ್ರಜ್ಞುನ ನೋಡಿಕೆ ಬಂದದಾ?” ಎಂದು ನನ್ನನ್ನು ಕೇಳಿದರು. ಹೌದು ಮಾವ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅವನನ್ನು ಕುರ್ಚಿಯಲ್ಲಿ ಕೂರಿಸಿ ಗಿಟಾರ್ ಕೊಟ್ಟರು. ಅವನು ‘ಕಣದ ಬಿಸಿಲು’ ಶುರು ಮಾಡಿದ. ಮೋಕ್ಷಿ ಅಕ್ಕ, ಅದೇ ಕೈ, ಅದೇ ದನಿ! ಎರಡು ಸಾಲು ಹಾಡಿದ. ಮೂರನೆಯದಕ್ಕೆ ಮಾತು ಸಿಗಲಿಲ್ಲ. ಬೆರಳು ನಿಲ್ಲಲಿಲ್ಲ, ಬಾಯಿ ಮಾತ್ರ ತೆರೆದೇ ಇತ್ತು. ಆಗ ಹಾಲ್‌ನಲ್ಲಿದ್ದವರೆಲ್ಲ ಹಾಡತೊಡಗಿದರು. ಕೊನೆಯವರೆಗೂ ಅವರೇ ಹಾಡಿದರು. ಅವನು ನುಡಿಸುತ್ತಾ ಮಗುವಿನ ಹಾಗೆ ಅವರನ್ನೇ ನೋಡುತ್ತಿದ್ದ.  ಈಗ ಬರುತ್ತದೆ, ಈಗ ನೆನಪಾಗುತ್ತದೆ ಎಂದು ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಹಾಡು ಮುಗಿಯಿತು. ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ. ನಿತೇಶನ ಕಡೆಗೆ ಬಾಗಿ, ಯಾರದೋ ಹಾಡು ಚೆನ್ನಾಗಿದೆ ಎಂದು ಮೆಚ್ಚುವವನ ಹಾಗೆ, “ಲಾಯ್ಕ್ ಉಟ್ಟು ಈ ಹಾಡ್. ಯಾರ್ ಬರ್ದದ್?” ಎಂದು ಕೇಳಿದ. ಮೈಕ್ ಎದುರಿಗೇ ಇತ್ತು.

ಜನ ತಮಾಷೆ ಎಂದುಕೊಂಡು ನಕ್ಕರು. ನಿತೇಶ ನಗಲಿಲ್ಲ. “ನೀನೇ ಮಾರಾಯ, ನೀನೇ ಬರ್ದದ್” ಎಂದ. ಪ್ರಜ್ಞೇಶ ಜೋರಾಗಿ ನಕ್ಕು, “ಸುಮ್ನಿರ್ ನೀ” ಅಂದ. ಆಗ ನಕ್ಕಿದ್ದವರೆಲ್ಲ ತಲೆ ತಗ್ಗಿಸಿದರು. ಮಾವ ಎದ್ದು ಯಾರನ್ನೂ ನೋಡದೆ ಹೊರಗೆ ನಡೆದರು. ನಾನು ಹೋಗಿ ನೋಡಿದರೆ ಜನರೇಟರಿನ ಪಕ್ಕ ನಿಂತು, “ಆ ದಿನ ಮಳೆಲಿ ನಾ ಅವಂಗೆ ಬೈಯ್ಯಬಾರ್ದಿತ್” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅಂಥ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಪೇಪರಿನಲ್ಲಿ ಕಾರ್ಯಕ್ರಮ ಯಶಸ್ವಿ ಎಂದು ಬಂತು. ಯಶಸ್ವಿಯೇ. ಇನ್ನೊಂದು ವರ್ಷದ ಚಿಕಿತ್ಸೆಗೆ ಹಣದ ಯೋಚನೆಯಿಲ್ಲ ಎಂದು ನಿತೇಶ ಹೇಳಿದ. ಮಾವನ ತಂಗಿ ಬೊಳ್ಳಮ್ಮತ್ತೆ ನೆರವಾದವರಿಗೆಲ್ಲ ಫೋನ್ ಮಾಡಿ ಒಳ್ಳೆಯದಾಗಲಿ ಎಂದು ಹರಸಿದರು. ಗಿಟಾರನ್ನು ಪ್ರಜ್ಞೇಶ ಆಮೇಲೆ ಮುಟ್ಟಿಲ್ಲ. ಕೊಟ್ಟರೆ, “ಬೇಡ, ಅಲ್ಲಿ ಎಲ್ಲರಿಗೂ ನನ್ನಿಂದ ಬೇಜಾರಾಯ್ತು” ಅನ್ನುತ್ತಾನೆ. ಏನಾಯಿತೆಂದು ಗೊತ್ತಿಲ್ಲ, ಬೇಜಾರಾದದ್ದು ಮಾತ್ರ ಗೊತ್ತಾಗಿದೆ.

ಪುಟ್ಟಿಗೆ ಅವಳ ಚಿಕ್ಕಮ್ಮನ ಮುತ್ತು. ಇಗ್ಗುತಪ್ಪ ದೇವರು ಅವಳನ್ನು ಚೆನ್ನಾಗಿಟ್ಟಿರಲಿ, ನಿನ್ನ ಹಾಗೆ ಗಟ್ಟಿ ಕೈಯವಳಾಗಲಿ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ,
ಪೂಜಿತಾ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಇದನ್ನು ಹೇಳದೆ ಕಳಿಸಿದರೆ ಬರೆದದ್ದೇ ಸುಳ್ಳಾಗುತ್ತದೆ. ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಅವನಿಗೆ ಗಡ್ಡ ಹೆರೆಯುತ್ತಿದ್ದೆ. ಇಷ್ಟು ತಿಂಗಳು ಅವನು ನನ್ನನ್ನು ಆಸ್ಪತ್ರೆಯಿಂದ ಬಂದ ನರ್ಸ್ ಎಂದುಕೊಂಡು “ನೀವು” ಎಂದೇ ಕರೆಯುತ್ತಿದ್ದ. ಆವತ್ತು ನನ್ನ ಮುಖ ನೋಡುತ್ತಾ ನೋಡುತ್ತಾ ಮಣಿಕಟ್ಟು ಹಿಡಿದುಕೊಂಡ. “ಮೋಕ್ಷಿ, ಇಷ್ಟ್ ದಿನ ಎಲ್ಲಿದ್ದದ್ ನೀ?” ಎಂದ. ನಮ್ಮಿಬ್ಬರದೂ ಒಂದೇ ಅಜ್ಜಿಯ ಕಣ್ಣಲ್ಲವೇ. ನಿಮ್ಮಿಬ್ಬರ ವಿಷಯ ಮದುವೆಗೆ ಮೊದಲೇ ಅವನು ನನಗೆ ಹೇಳಿದ್ದ, ಮುಗಿದದ್ದು ಎಂದಿದ್ದ. ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಅವನಲ್ಲಿ ಈಗ ಉಳಿದಿರುವುದು ಅದು ಮುಗಿಯುವ ಮೊದಲಿನ ಕಾಲ. ಅವನ ಕಣ್ಣಲ್ಲಿ ಅಷ್ಟು ಸಂತೋಷವಿತ್ತು ಅಕ್ಕ, ಅಲ್ಲ ಎನ್ನಲು ಬಾಯಿ ಬರಲಿಲ್ಲ. “ಇಲ್ಲೇ ಇದ್ದೆ” ಎಂದುಬಿಟ್ಟೆ. ಅಂದಿನಿಂದ ಈ ಮನೆಯಲ್ಲಿ ನಾನು ಮೋಕ್ಷಿ. ಬಂದು ಹೋಗಲೇ ಎಂದು ನೀನು ಮೆಸೇಜಿನಲ್ಲಿ ಕೇಳಿದ್ದೆ. ನೀನು ಬಂದರೆ, ನಾನು ಯಾರೆಂದು ಅವನಿಗೆ ಹೇಳಲಿ?